ಇಂಜಿನ್ ಟಿಕ್ ಟಿಕ್ ಎಂದಾಗ: ಹೆಡ್ ಬಿಚ್ಚುವ ಮೊದಲು ಕಿವಿ ಕೊಟ್ಟು ಕೇಳಿ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ. ಹಿಂದಿನ ರಾತ್ರಿ ವಿಜಯಪುರದ ನಮ್ಮ ಮನೆಯಲ್ಲೇ ಉಳಿದಿದ್ದ ಮಾಮಾ ಅಂಗಳದಲ್ಲಿ ಗಾಡಿ ಚಾಲು ಮಾಡಿ, ಬಾನೆಟ್ ಎತ್ತಿ ನನ್ನನ್ನು ಕರೆದರು. "ಕೇಳಿಲ್ಲಿ, ಟಿಕ್ ಟಿಕ್ ಅಂತೈತಿ." ಮೂರು ಸಿಲಿಂಡರಿನ ಪೆಟ್ರೋಲ್ ಕಾರು. ಸೆಕೆಂಡ್ ಹ್ಯಾಂಡ್ ಕೊಂಡು ಎರಡೇ ತಿಂಗಳಾಗಿತ್ತು. ವಾರದ ಹಿಂದೆ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದರು. ಅಲ್ಲಿ ಎರಡು ನಿಮಿಷ ಕೇಳಿ, "ಟ್ಯಾಪೆಟ್ ಸೌಂಡ್ ಐತ್ರಿ, ಹೆಡ್ ಬಿಚ್ಚಬೇಕಾಗ್ತದ" ಎಂದಿದ್ದರು. ಅಂದಿನಿಂದ ಮಾಮಾನಿಗೆ ಸರಿಯಾಗಿ ನಿದ್ದೆ ಇಲ್ಲ.

ಹಳೆ ಕಾರು ಕೊಂಡವರಿಗೆ, ಸಿಎನ್‌ಜಿ ಕಿಟ್ ಹಾಕಿಸಿದವರಿಗೆ ಈ ಮಾತು ಒಂದಲ್ಲ ಒಂದು ದಿನ ಕಿವಿಗೆ ಬೀಳುತ್ತದೆ. ಟ್ಯಾಪೆಟ್ ಎಂದರೇನು, ಅದು ಯಾಕೆ ಸದ್ದು ಮಾಡುತ್ತದೆ, ಎಲ್ಲ ಟಿಕ್ ಟಿಕ್ ಅದರದ್ದೇನಾ? ಇದಿಷ್ಟು ಗೊತ್ತಿದ್ದರೆ ಗ್ಯಾರೇಜಿನಲ್ಲಿ ನಿಂತು ಸರಿಯಾದ ಪ್ರಶ್ನೆ ಕೇಳಬಹುದು.

## ವಾಲ್ವ್ ಎಂದರೆ ಸಿಲಿಂಡರಿನ ಬಾಗಿಲು

ಇಂಜಿನ್ನಿನ ಒಂದೊಂದು ಸಿಲಿಂಡರನ್ನೂ ಒಂದು ಚಿಕ್ಕ ಕೋಣೆ ಎಂದುಕೊಳ್ಳಿ. ಗಾಳಿ ಮತ್ತು ಪೆಟ್ರೋಲ್ ಒಳಗೆ ಬರಲು ಒಂದು ಬಾಗಿಲು, ಉರಿದ ಹೊಗೆ ಹೊರಗೆ ಹೋಗಲು ಇನ್ನೊಂದು. ಇವೇ ವಾಲ್ವ್‌ಗಳು. ಈಗಿನ ಬಹಳಷ್ಟು ಕಾರುಗಳಲ್ಲಿ ಒಂದು ಸಿಲಿಂಡರಿಗೆ ನಾಲ್ಕು ವಾಲ್ವ್ ಇರುತ್ತವೆ: ಎರಡು ಒಳಗೆ, ಎರಡು ಹೊರಗೆ. ಮೂರು ಸಿಲಿಂಡರಿಗೆ 12, ನಾಲ್ಕಕ್ಕೆ 16.

ಈ ಬಾಗಿಲುಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್ ಎಂಬ ಉದ್ದನೆಯ ಸಲಾಕೆ. ಅದರ ಮೈಮೇಲೆ ಅಲ್ಲಲ್ಲಿ ತತ್ತಿಯ ಆಕಾರದ ಉಬ್ಬುಗಳಿರುತ್ತವೆ. ಸಲಾಕೆ ತಿರುಗಿದಾಗ ಉಬ್ಬು ಬಂದು ವಾಲ್ವನ್ನು ಕೆಳಕ್ಕೆ ಒತ್ತುತ್ತದೆ, ಬಾಗಿಲು ತೆರೆಯುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗ್ ಅದನ್ನು ಮೇಲಕ್ಕೆಳೆದು ಮುಚ್ಚುತ್ತದೆ. ಉಬ್ಬಿಗೂ ವಾಲ್ವಿಗೂ ನಡುವೆ ಕೂತು ಒತ್ತಡ ದಾಟಿಸುವ ತುಂಡೇ ಟ್ಯಾಪೆಟ್. ಕೆಲವು ಇಂಜಿನ್ನುಗಳಲ್ಲಿ ಏತದಂತೆ ಏರಿ ಇಳಿಯುವ ರಾಕರ್ ಎಂಬ ತೋಳೂ ಇರುತ್ತದೆ. ಕ್ಯಾಮ್, ರಾಕರ್, ಟ್ಯಾಪೆಟ್, ಸ್ಪ್ರಿಂಗ್, ವಾಲ್ವ್ ಈ ಇಡೀ ಸಾಲಿಗೆ ವಾಲ್ವ್ ಟ್ರೈನ್ ಎನ್ನುತ್ತಾರೆ. ಇದೆಲ್ಲ ಇರುವುದು ಇಂಜಿನ್ನಿನ ಮೇಲ್ಭಾಗದಲ್ಲಿ. ಆ ದಪ್ಪ ಲೋಹದ ಭಾಗಕ್ಕೇ ಹೆಡ್ ಎಂದು ಹೆಸರು.

## ಕಾಗದದಷ್ಟು ಸಂದು

ಲೋಹ ಕಾಯ್ದರೆ ಹಿಗ್ಗುತ್ತದೆ. ಹೊಗೆ ಹೊರಗೆ ಬಿಡುವ ವಾಲ್ವಿನ ಶಾಖ 700 ಡಿಗ್ರಿ ದಾಟುವುದುಂಟು. ಹಿಗ್ಗಿದ ವಾಲ್ವಿಗೆ ಜಾಗ ಬೇಕಲ್ವಾ? ಅದಕ್ಕೇ ತಣ್ಣಗಿರುವಾಗ ಕ್ಯಾಮಿಗೂ ಟ್ಯಾಪೆಟ್ಟಿಗೂ ನಡುವೆ ಒಂದಿಷ್ಟು ಸಂದು ಬಿಟ್ಟಿರುತ್ತಾರೆ. ಬಹಳ ಕಾರುಗಳಲ್ಲಿ ಇದು 0.15ರಿಂದ 0.30 ಮಿಲಿಮೀಟರ್ ಆಸುಪಾಸು. ಎರಡು ಝೆರಾಕ್ಸ್ ಹಾಳೆ ಒಂದರ ಮೇಲೊಂದು ಇಟ್ಟರೆ ಆಗುವ ದಪ್ಪ ಸುಮಾರು 0.20. ಹೊಗೆಯ ವಾಲ್ವ್ ಜಾಸ್ತಿ ಕಾಯುವುದರಿಂದ ಅದಕ್ಕೆ ಸಂದೂ ಸ್ವಲ್ಪ ಜಾಸ್ತಿ. ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಸರ್ವಿಸ್ ಮ್ಯಾನುವಲ್‌ನಲ್ಲಿ ಇರುತ್ತದೆ.

ಸವೆತದಿಂದ ಸಂದು ದೊಡ್ಡದಾದರೆ ಏನಾಗುತ್ತದೆ? ಚೌಕಟ್ಟಿನಲ್ಲಿ ಸಡಿಲವಾದ ಬಾಗಿಲು ಗಾಳಿಗೆ ಬಡಿದುಕೊಳ್ಳುವುದಿಲ್ಲವೇ, ಹಾಗೇ. ಪ್ರತಿ ಸುತ್ತಿನಲ್ಲೂ ಕ್ಯಾಮ್ ಬಂದು ಟ್ಯಾಪೆಟ್ಟಿಗೆ "ಟಿಕ್" ಎಂದು ತಾಗುತ್ತದೆ. ಗ್ಯಾರೇಜಿನವರು ಟ್ಯಾಪೆಟ್ ಸೌಂಡ್ ಎನ್ನುವುದು ಇದಕ್ಕೇ.

ಹಳೆಯ ಮಾರುತಿ 800ರಂಥ ಗಾಡಿಗಳಲ್ಲಿ ಈ ಸಂದನ್ನು ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಮಿಸ್ತ್ರಿ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಇಂಜಿನ್ ತಣ್ಣಗಿರುತ್ತದೆ. ಮೇಲಿನ ಕವರ್ ತೆಗೆದು, ಆ ವಾಲ್ವ್ ಪೂರ್ತಿ ಮುಚ್ಚುವ ತನಕ ಕೈಯಿಂದ ಇಂಜಿನ್ ತಿರುಗಿಸುತ್ತಾರೆ. ನಂತರ ಚಾಕುವಿನ ಅಲಗಿನಂಥ ತೆಳು ತಗಡಿನ ಪಟ್ಟಿಯನ್ನು ಸಂದಿನೊಳಗೆ ತೂರಿಸುತ್ತಾರೆ. ಅದು ಫೀಲರ್ ಗೇಜ್. ಪಟ್ಟಿ ಸರಾಗವಾಗಿ ಓಡಾಡಿದರೆ ಸಂದು ಜಾಸ್ತಿ. ಒಳಗೇ ಹೋಗದಿದ್ದರೆ ಕಡಿಮೆ. ದಪ್ಪ ಪುಸ್ತಕದ ಅಡಿಯಿಂದ ಹಾಳೆ ಎಳೆದಾಗ ಬೆರಳಿಗೆ ಒಂದು ಹಿಡಿತ ಸಿಗುತ್ತದಲ್ಲ, ಅಷ್ಟು ಸಿಕ್ಕರೆ ಸರಿ. ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿ ಮಾಡುತ್ತಾರೆ. ಬಿಗಿ ಮಾಡುವಾಗ ಸಂದು ಕದಲುತ್ತದೆ, ಆದ್ದರಿಂದ ಪಟ್ಟಿ ತೂರಿಸಿ ಮತ್ತೊಮ್ಮೆ ನೋಡುತ್ತಾರೆ. ಈ ಎರಡನೇ ಸಲ ನೋಡುವ ಮಿಸ್ತ್ರಿಯನ್ನು ನಾನು ನಂಬುತ್ತೇನೆ.

ಸ್ಕ್ರೂ ಇಲ್ಲದ ಎಷ್ಟೋ ಇಂಜಿನ್ನುಗಳಲ್ಲಿ ಸಂದು ತುಂಬುವ ಲೋಹದ ಬಿಲ್ಲೆಯನ್ನೋ ಟ್ಯಾಪೆಟ್ಟನ್ನೋ ಬೇರೆ ದಪ್ಪದ್ದಕ್ಕೆ ಬದಲಿಸಬೇಕು.

ಇನ್ನೊಂದು ಬಗೆಯಲ್ಲಿ ಸಂದೇ ಇರುವುದಿಲ್ಲ. ಅದು ಹೈಡ್ರಾಲಿಕ್ ಟ್ಯಾಪೆಟ್. ಟ್ರ್ಯಾಕ್ಟರಿನ ಹಿಂದೆ ನೇಗಿಲು ಎತ್ತುವ ಹೈಡ್ರಾಲಿಕ್ ನೋಡಿದ್ದೀರಿ. ಇಲ್ಲಿಯೂ ಅದೇ ತತ್ವ. ಟ್ಯಾಪೆಟ್ಟಿನೊಳಗೆ ಒಂದು ಪುಟ್ಟ ಗುಂಡಿ, ಅದರಲ್ಲಿ ಇಂಜಿನ್ ಆಯಿಲ್. ಆಯಿಲ್ ಒತ್ತಡದಿಂದ ಟ್ಯಾಪೆಟ್ ತಾನಾಗಿಯೇ ಹಿಗ್ಗಿ ಸಂದನ್ನು ತುಂಬಿಕೊಳ್ಳುತ್ತದೆ. ಇದಕ್ಕೆ ಸೆಟ್ಟಿಂಗ್ ಬೇಡ. ಆದರೆ ಆಯಿಲ್ ಕಡಿಮೆಯಾದರೂ, ಕೊಳೆಯಾದರೂ, ಅದರಲ್ಲಿ ಗಾಳಿ ಸೇರಿದರೂ ಇದು ಟಿಕ್ ಎನ್ನುತ್ತದೆ. ನಿಮ್ಮ ಗಾಡಿಯಲ್ಲಿ ಯಾವ ಬಗೆ ಇದೆ ಎಂದು ಮೊದಲೇ ತಿಳಿದುಕೊಳ್ಳಿ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಗಾಡಿಗೆ ಟ್ಯಾಪೆಟ್ ಸೆಟ್ಟಿಂಗ್ ಎಂದು ಬಿಲ್ ಬಂದರೆ, ಏನು ಮಾಡಿದಿರಿ ಎಂದು ಕೇಳಲೇಬೇಕು.

## ಮೊದಲು ಆಯಿಲ್ ಕಡ್ಡಿ ಎಳೆಯಿರಿ

ಬೇರೆ ಏನು ಮಾಡುವ ಮೊದಲು ಇದನ್ನು ಮಾಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಇಂಜಿನ್ ಬಂದ್ ಮಾಡಿ ಐದ್ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು, ಒರೆಸಿ, ಮತ್ತೆ ಪೂರ್ತಿ ತೂರಿಸಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು.

ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಮೇಲಿನ ಭಾಗಕ್ಕೆ ಆಯಿಲ್ ಸಾಲದೆ ಹೋಗಬಹುದು. ಸಂಪಿನಲ್ಲಿ ನೀರು ತಳ ಸೇರಿದಾಗ ಪಂಪು ಗಾಳಿ ಎಳೆದು ಮಾಳಿಗೆಯ ನಲ್ಲಿ ಬುಸುಗುಡುವಂತೆ. ಹಾಗೆಂದು ಮೇಲಿನ ಗುರುತು ದಾಟಿ ಸುರಿಯುವುದೂ ತಪ್ಪು. ಇಂಜಿನ್ನಿನ ತಳದಲ್ಲಿ ತಿರುಗುವ ಕ್ರ್ಯಾಂಕ್ ಎಂಬ ಸಲಾಕೆ ಆ ಹೆಚ್ಚುವರಿ ಆಯಿಲನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಹೊಕ್ಕ ಹೈಡ್ರಾಲಿಕ್ ಟ್ಯಾಪೆಟ್ ಮತ್ತೆ ಟಿಕ್ ಎನ್ನುತ್ತದೆ.

ಡಬ್ಬಿಯ ಮೇಲಿನ 5ಡಬ್ಲ್ಯೂ-30, 15ಡಬ್ಲ್ಯೂ-40 ಎಂಬ ಬರಹ ಆಯಿಲ್ ಎಷ್ಟು ಮಂದ ಎಂದು ಹೇಳುತ್ತದೆ. ಮೊದಲ ಅಂಕಿ ಚಳಿಯಲ್ಲಿ ಹೇಗೆ ಹರಿಯುತ್ತದೆ ಎನ್ನುವುದಕ್ಕೆ, ಕಡಿಮೆ ಇದ್ದಷ್ಟೂ ಬೇಗ ಹರಿಯುತ್ತದೆ. ಎರಡನೆಯದು ಇಂಜಿನ್ ಕಾಯ್ದ ಮೇಲಿನ ದಪ್ಪಕ್ಕೆ. "ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕೋಣ" ಎನ್ನುವವರು ಸಿಗುತ್ತಾರೆ. ದಪ್ಪ ಆಯಿಲ್ ಸದ್ದನ್ನು ಸ್ವಲ್ಪ ಅಡಗಿಸಲೂಬಹುದು. ಆದರೆ ತೆಳು ಆಯಿಲಿಗೆಂದೇ ಮಾಡಿದ ಸಣ್ಣ ದಾರಿಗಳಲ್ಲಿ ಅದು ಬೆಳಗಿನ ಹೊತ್ತು ತಡವಾಗಿ ತಲುಪುತ್ತದೆ, ಸವೆತ ಹೆಚ್ಚುತ್ತದೆ. ಗಾಡಿಯ ಪುಸ್ತಕದಲ್ಲಿ ಬರೆದಿರುವ ಗ್ರೇಡನ್ನೇ ಹಾಕಿ.

## ಲಯ ಎಣಿಸಿ, ಹೊತ್ತು ನೋಡಿ

ಇಂಜಿನ್ನಿನಲ್ಲಿ ಒಂದು ಸಲ ಉರಿ ಹೊತ್ತಲು ನಾಲ್ಕು ಹಂತ ಬೇಕು: ಗಾಳಿ ಎಳೆಯುವುದು, ಒತ್ತುವುದು, ಉರಿಸುವುದು, ಹೊಗೆ ಹೊರಹಾಕುವುದು. ಅಷ್ಟರಲ್ಲಿ ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುತ್ತದೆ. ಒಂದು ವಾಲ್ವ್ ತೆರೆಯುವುದು ಒಂದೇ ಸಲ. ಅಂದರೆ ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ.

ಗಾಡಿ ನಿಂತಲ್ಲೇ ಚಾಲು ಇದ್ದಾಗ ಕ್ರ್ಯಾಂಕ್ ನಿಮಿಷಕ್ಕೆ ಸುಮಾರು 800 ಸುತ್ತು, ಕ್ಯಾಮ್ 400. ಸಡಿಲವಾದ ಒಂದು ವಾಲ್ವ್ ಸೆಕೆಂಡಿಗೆ ಆರೇಳು ಸಲ ಟಿಕ್ ಎನ್ನುತ್ತದೆ. ಕೀಲಿ ಕೊಡುವ ಹಳೆಯ ಕೈಗಡಿಯಾರ ಮನೆಯಲ್ಲಿದ್ದರೆ ಕಿವಿಗೆ ಹಿಡಿದು ನೋಡಿ. ಅಂಥ ಬಹಳ ಗಡಿಯಾರಗಳದ್ದು ಸೆಕೆಂಡಿಗೆ ಐದು ಟಿಕ್. ಅದಕ್ಕಿಂತ ತುಸು ಚುರುಕು, ಅಷ್ಟೇ. ಆಕ್ಸಿಲರೇಟರ್ ಒತ್ತಿದಂತೆ ಲಯವೂ ಏರುತ್ತದೆ.

ಇದಕ್ಕಿಂತ ಎಷ್ಟೋ ವೇಗವಾಗಿ, ಹೊಲಿಗೆ ಮಷಿನ್ನಿನಂತೆ ಒಂದೇ ಸಮನೆ "ಟಿಕಟಿಕಟಿಕ" ಎಂದರೆ ಅದು ಬಹುಶಃ ಎಲ್ಲ ಸಿಲಿಂಡರ್‌ಗಳಲ್ಲೂ ನಡೆಯುವ ಕೆಲಸದ ಸದ್ದು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಹೀಗೇ ಕೇಳಿಸುತ್ತವೆ, ಅದು ಸಹಜ.

ಲಯದಷ್ಟೇ ಮುಖ್ಯ ಹೊತ್ತು. ಬೆಳಿಗ್ಗೆ ಚಾಲು ಮಾಡಿದ ಕೂಡಲೇ ಬಂದು ಕೆಲವೇ ಸೆಕೆಂಡಿನಲ್ಲಿ ನಿಂತರೆ, ರಾತ್ರಿ ಕೆಳಗಿಳಿದ ಆಯಿಲ್ ಮತ್ತೆ ಮೇಲೇರುವ ತನಕದ ಸದ್ದು ಅದು. ಸಾಮಾನ್ಯವಾಗಿ ಗಾಬರಿ ಬೇಡ. ಕೆಲವು ಆಯಿಲ್ ಫಿಲ್ಟರ್‌ಗಳೊಳಗೆ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ತೆರೆ ಇರುತ್ತದೆ. ಫಿಲ್ಟರ್ ಕಳಪೆಯಾಗಿದ್ದರೆ ಆ ತೆರೆ ಕೆಲಸ ಮಾಡದೆ ಈ ಬೆಳಗಿನ ಟಿಕ್ ದಿನಾ ಬರುತ್ತದೆ.

ಅರ್ಧ ತಾಸು ಓಡಿಸಿದರೂ ಹೋಗದೆ, ಭಾರ ಬಿದ್ದರೂ ಬೀಳದಿದ್ದರೂ ಅಷ್ಟೇ ಇದ್ದರೆ, ಅದು ನಿಜವಾದ ಟ್ಯಾಪೆಟ್ ಸಂದಿನ ಲಕ್ಷಣ. ಭಾರ ಎಂದರೆ ಏರು ಹತ್ತುವುದು, ವೇಗ ಹೆಚ್ಚಿಸುವುದು. ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ ನಿಧಾನ ಓಡಿಸಿ, ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ಸದ್ದು ಗೋಡೆಗೆ ತಾಗಿ ನಿಮ್ಮ ಕಿವಿಗೇ ಬರುತ್ತದೆ.

## ವಾಲ್ವ್ ಅಲ್ಲದ ಟಿಕ್‌ಗಳು

ಮಾಮಾನ ಗಾಡಿಯ ಕಥೆ ಇಲ್ಲಿಗೆ ಸೇರುತ್ತದೆ. ಅಂದು ಬೆಳಿಗ್ಗೆ ಕೇಳಿದ ಟಿಕ್ ಗಟ್ಟಿಯಾಗಿತ್ತು, ಲಯವೂ ಒಂದೇ ವಾಲ್ವಿನದ್ದಿದ್ದಂತೆ. ಹತ್ತು ನಿಮಿಷದಲ್ಲಿ ಇಂಜಿನ್ ಕಾಯಿತು, ಟಿಕ್ ಸಣ್ಣಗಾಗುತ್ತಾ ಹೋಗಿ ನಿಂತೇಬಿಟ್ಟಿತು. ಮಾಮಾ ನಿಟ್ಟುಸಿರು ಬಿಟ್ಟರು. ನನಗೆ ಅನುಮಾನ ಬಂದದ್ದೇ ಆಗ.

ನಮ್ಮ ಓಣಿಯ ಹಳೆಯ ಮಿಸ್ತ್ರಿಯ ಹತ್ತಿರ ಹೋದೆವು. "ರಾತ್ರಿ ಇಲ್ಲೇ ಬಿಡ್ರಿ, ತಣ್ಣಗಿದ್ದಾಗ ಕೇಳಬೇಕು" ಎಂದರು. ಮರುದಿನ ಬೆಳಿಗ್ಗೆ ಅವರು ಹೆಡ್ಡಿನ ಮೇಲೆ ಕೈ ಹಾಕಲೇ ಇಲ್ಲ. ಟಾರ್ಚ್ ಹಿಡಿದು, ಸಿಲಿಂಡರ್‌ಗಳಿಂದ ಹೊಗೆ ಕೂಡಿಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಜಾಗ ತೋರಿಸಿದರು. ಮೂರನೇ ಸಿಲಿಂಡರಿನ ಬಳಿ ಕಾಡಿಗೆ ಹಚ್ಚಿದಂಥ ಒಂದು ಕಪ್ಪು ಗೆರೆ. ಅಲ್ಲಿ ಮ್ಯಾನಿಫೋಲ್ಡನ್ನು ಬಿಗಿದು ಹಿಡಿಯುವ ಸ್ಟಡ್ ತುಂಡಾಗಿತ್ತು. ಹೊಗೆ ಆ ಸೀಳಿನಿಂದ "ಟಿಕ್" ಎಂದು ಚಿಮ್ಮುತ್ತಿತ್ತು. ಒಂದೇ ಸಿಲಿಂಡರಿನ ಹೊಗೆ, ಆದ್ದರಿಂದ ಲಯ ಥೇಟ್ ಒಂದು ವಾಲ್ವಿನದೇ. ಲೋಹ ಕಾಯ್ದು ಹಿಗ್ಗಿದಾಗ ಸೀಳು ಮುಚ್ಚಿಕೊಳ್ಳುತ್ತಿತ್ತು. ಸ್ಟಡ್ ಮತ್ತು ಪ್ಯಾಕಿಂಗ್ ಬದಲಿಸಿದರು, ಸದ್ದು ಹೋಯಿತು. ಹೆಡ್ ಬಿಚ್ಚಿದ್ದರೆ ಸಾವಿರಾರು ರೂಪಾಯಿ ಸುಮ್ನೆ ಹೋಗುತ್ತಿತ್ತು.

ಈ ಸೋರಿಕೆಯನ್ನು ಹಗುರವಾಗಿ ನೋಡಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಕಾರಿನೊಳಗೆ ಸೇರಿದರೆ ಜೀವಕ್ಕೇ ಅಪಾಯ.

ಹಾದಿ ತಪ್ಪಿಸುವ ಬೇರೆ ಸದ್ದುಗಳೂ ಇವೆ. ಟೈರಿನ ಸಂದಿಗೆ ಖಡಿ ಸಿಕ್ಕಿಕೊಂಡರೆ ನೆಲಕ್ಕೆ ತಾಗಿದಾಗೆಲ್ಲ ಟಿಕ್ ಎನ್ನುತ್ತದೆ. ಗಾಡಿ ನಿಲ್ಲಿಸಿದರೆ ಅದು ನಿಲ್ಲುತ್ತದೆ, ಇಂಜಿನ್ನಿನ ಟಿಕ್ ನಿಲ್ಲುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟಕಟ ಎಂದರೆ ಚಕ್ರಕ್ಕೆ ಹೋಗುವ ಆಕ್ಸಲ್ ಜಾಯಿಂಟ್ ನೋಡಿಸಿ. ಗೋವಾ ಕಡೆಯಿಂದ ಚೋರ್ಲಾ ಘಾಟ್ ಹತ್ತುವಾಗಿನಂತೆ ದೊಡ್ಡ ಗೇರಿನಲ್ಲಿ ಇಂಜಿನ್ ಏದುಸಿರು ಬಿಡುವಾಗ ಕಿಣಿಕಿಣಿ ಎಂದರೆ ಅದು ನಾಕಿಂಗ್. ಪೆಟ್ರೋಲ್ ಉರಿಯುವ ಕ್ರಮ ತಪ್ಪಿದ ಸದ್ದದು. ಗೇರ್ ಇಳಿಸಿದರೆ ಕಡಿಮೆಯಾಗುತ್ತದೆ, ಟ್ಯಾಪೆಟ್ ಸೆಟ್ಟಿಂಗಿನಿಂದ ಹೋಗುವುದಿಲ್ಲ.

## ಕಿವಿ ಯಾಕೆ ಮೋಸ ಹೋಗುತ್ತದೆ

ನಮ್ಮೂರಿನ ಗೋಲಗುಮ್ಮಟ ಹತ್ತಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 1656ರಲ್ಲಿ ಮುಗಿದ ಆ ಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ ನಿಂತವರಿಗೆ ಕಿವಿಯ ಪಕ್ಕದಲ್ಲೇ ಹೇಳಿದಂತೆ ಕೇಳುತ್ತದೆ. ಸದ್ದು ಗೋಡೆಯ ಬಾಗಿನ ಗುಂಟ ಹರಿದು ಹೋಗುತ್ತದೆ. ಇಂಜಿನ್ನಿನಲ್ಲೂ ಸದ್ದು ಲೋಹದ ಗುಂಟ ಹರಿಯುತ್ತದೆ. ಬಲಗಡೆ ಹುಟ್ಟಿದ ಟಿಕ್ ಎಡಗಡೆ ಜೋರಾಗಿ ಕೇಳಬಹುದು. ಬಾನೆಟ್ ಎದುರು ಸುಮ್ಮನೆ ನಿಂತು ಕೇಳಿ ಜಾಗ ಹೇಳುವುದು ಕಷ್ಟ.

ಅದಕ್ಕೇ ಮಿಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿಕೊಳ್ಳುತ್ತಾರೆ. ಡಾಕ್ಟರರ ಸ್ಟೆಥಾಸ್ಕೋಪಿನಂಥದ್ದೇ ಒಂದು ಸಾಧನವೂ ಸಿಗುತ್ತದೆ. ಒಂದೊಂದು ಇಂಜೆಕ್ಟರ್, ಟ್ಯಾಪೆಟ್ ಕವರಿನ ಒಂದೊಂದು ತುದಿ, ಚೈನ್ ಕವರ್, ಹೀಗೆ ಮುಟ್ಟುತ್ತಾ ಹೋದರೆ ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅದೇ ಜಾಗ. ಹೊಗೆ ಸೋರಿಕೆಗೆ ಬರಿಯ ರಬ್ಬರ್ ಪೈಪು ಸಾಕು: ಒಂದು ತುದಿ ಕಿವಿಯ ಬಳಿ, ಇನ್ನೊಂದು ಜಾಯಿಂಟಿನ ಬಳಿ.

ಇದನ್ನು ಮನೆಯಲ್ಲಿ ಮಾಡುವವರಿಗೆ ಒಂದು ಮಾತು. ಸೀರೆಯ ಸೆರಗು, ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು ಬೆಲ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ರೇಡಿಯೇಟರ್ ಫ್ಯಾನ್ ಇಂಜಿನ್ ಬಂದ್ ಆದ ಮೇಲೂ ತಾನಾಗಿ ತಿರುಗಬಹುದು. ಮಕ್ಕಳನ್ನು ದೂರ ಇಡಿ. ಡೀಸೆಲ್ ಗಾಡಿ ಚಾಲು ಇರುವಾಗ ಇಂಜೆಕ್ಟರ್ ವೈರು, ಪೈಪು ಮುಟ್ಟಲೇಬೇಡಿ.

## ಸದ್ದೇ ಮಾಡದ ತೊಂದರೆ

ಇದನ್ನು ಸಿಎನ್‌ಜಿ ಗಾಡಿಯವರು ನಿಧಾನವಾಗಿ ಓದಬೇಕು.

ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿದ ಬಾಗಿಲು ನೆನಪಿಸಿಕೊಳ್ಳಿ. ಅದು ಬಡಿದುಕೊಳ್ಳುವುದಿಲ್ಲ, ಆದರೆ ಪೂರ್ತಿ ಮುಚ್ಚುವುದೂ ಇಲ್ಲ. ಟ್ಯಾಪೆಟ್ ಸಂದು ಕಡಿಮೆಯಾದಾಗ ವಾಲ್ವಿಗೂ ಹೀಗೇ ಆಗುತ್ತದೆ. ಇಂಜಿನ್ ಮೊದಲಿಗಿಂತ ಸದ್ದಿಲ್ಲದೆ ಓಡುತ್ತದೆ, ಮಾಲೀಕರು ಖುಷಿಯಾಗಿರುತ್ತಾರೆ. ಹೊಗೆಯ ವಾಲ್ವ್ ತಣ್ಣಗಾಗುವುದೇ ಮುಚ್ಚಿದಾಗ, ತಾನು ಕೂರುವ ಅಂಚಿಗೆ, ಅಂದರೆ ಸೀಟಿಗೆ, ಮೈ ತಾಗಿಸಿ ಶಾಖ ದಾಟಿಸಿ. ಸರಿಯಾಗಿ ಮುಚ್ಚದಿದ್ದರೆ ಅದರ ಅಂಚಿನ ಸಂದಿಯಲ್ಲಿ ಬೆಂಕಿ ನುಗ್ಗುತ್ತದೆ. ರೊಟ್ಟಿಯ ಅಂಚು ಸೀದಂತೆ ವಾಲ್ವಿನ ಅಂಚು ಸುಡುತ್ತದೆ. ಹೆಡ್ ಬಿಚ್ಚಲೇಬೇಕಾದ ದಿನ ಬರುವುದು ಹೀಗೆ.

ಸಿಎನ್‌ಜಿ ಒಣ ಇಂಧನ. ಪೆಟ್ರೋಲಿನಂತೆ ಹನಿಯಾಗಿ ಬಂದು ವಾಲ್ವ್ ಮತ್ತು ಸೀಟನ್ನು ತಂಪು ಮಾಡುವುದಿಲ್ಲ. ಸೀಟು ಬೇಗ ಸವೆಯಬಹುದು. ಸೀಟು ಸವೆದರೆ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಸಂದು ಚಿಕ್ಕದಾಗುತ್ತದೆ. ಹಾಗಾಗಿ ಹೈಡ್ರಾಲಿಕ್ ಅಲ್ಲದ ಟ್ಯಾಪೆಟ್ ಇರುವ ಸಿಎನ್‌ಜಿ ಗಾಡಿಯಲ್ಲಿ, ಸದ್ದು ಇರಲಿ ಬಿಡಲಿ, ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರಿಗೆ ಸಂದು ಅಳೆಸಬೇಕು. ಬೆಳಿಗ್ಗೆ ಚಾಲು ಆಗಲು ಸತಾಯಿಸುವುದು, ನಿಂತಾಗ ನಡುಗುವುದು, ಏರಿನಲ್ಲಿ ಎಳೆತ ಕಡಿಮೆಯಾಗುವುದು ಕಂಡರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪ್ಲಗ್ ತೆಗೆದ ಜಾಗಕ್ಕೆ ಗೇಜ್ ಹಚ್ಚಿ, ಒಂದೊಂದು ಸಿಲಿಂಡರಿನ ಒತ್ತಡ ನೋಡುವ ಪರೀಕ್ಷೆ ಅದು.

## ಗಾಡಿ ಅಲ್ಲೇ ನಿಲ್ಲಿಸಬೇಕಾದ ಸದ್ದು

ಟಿಕ್ ತೆಳ್ಳಗಿನ ಸದ್ದು. ಅದರ ಬದಲು ಇಂಜಿನ್ನಿನ ತಳದಿಂದ, ಕಬ್ಬಿಣದ ಮೇಲೆ ಸುತ್ತಿಗೆ ಬಡಿದಂತೆ "ಟಕ್ ಟಕ್" ಎಂದು ದಪ್ಪಗೆ ಬಂದು, ಭಾರ ಬಿದ್ದಾಗ ಜೋರಾದರೆ, ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಚಾಲು ಮಾಡಿದಾಗ ಡಬ್ಬಿಯಲ್ಲಿ ಸರಪಳಿ ಅಲ್ಲಾಡಿಸಿದಂಥ ಗಲಗಲ ಬಂದು ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಕೇಳಿಸಿದರೆ, ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಸಡಿಲಾಗಿರಬಹುದು. ಚೈನ್ ಹಲ್ಲು ಜಿಗಿದರೆ ಬಹಳಷ್ಟು ಇಂಜಿನ್ನುಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೇ ಗುದ್ದುತ್ತದೆ. ಇದನ್ನು ಮುಂದಿನ ಸರ್ವಿಸ್ ತನಕ ತಳ್ಳಬೇಡಿ.

ಯಾವುದೇ ಸದ್ದಿನ ಜೊತೆ ಮೀಟರಿನಲ್ಲಿ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿದರೆ ಆ ಕ್ಷಣವೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ. ಸೊಲ್ಲಾಪುರ ರಸ್ತೆಯ ನಡುವೆ ಇದ್ದರೂ ಸರಿ. ಆ ದೀಪ ಹೇಳುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಒತ್ತಡ ಇಲ್ಲದೆ ಓಡಿಸಿದರೆ ನಿಮಿಷಗಳಲ್ಲಿ ಬೇರಿಂಗ್ ಹೋಗಬಹುದು. ಎಳೆದುಕೊಂಡೇ ಗ್ಯಾರೇಜಿಗೆ ತನ್ನಿ.

## ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಗ್ಯಾರೇಜ್ ತಲುಪುವಷ್ಟರಲ್ಲಿ ಇಂಜಿನ್ ಕಾಯ್ದು ಸದ್ದು ಮಾಯವಾಗಿರುತ್ತದೆ. ಆದ್ದರಿಂದ ಬೆಳಿಗ್ಗೆ ಚಾಲು ಮಾಡುವ ಮೊದಲೇ ಬಾನೆಟ್ ಎತ್ತಿ, ಮೊಬೈಲನ್ನು ಭದ್ರ ಜಾಗದಲ್ಲಿಟ್ಟು ರೆಕಾರ್ಡ್ ಮಾಡಿ. ಮೊದಲ ಅರ್ಧ ನಿಮಿಷ ಪೂರ್ತಿ ಬರಲಿ. ಕೊನೆಯ ಸಲ ಆಯಿಲ್ ಯಾವಾಗ, ಯಾವ ಗ್ರೇಡ್ ಹಾಕಿಸಿದಿರಿ ಎಂದೂ ಬರೆದುಕೊಂಡು ಹೋಗಿ.

ಹೆಡ್ ಬಿಚ್ಚುವುದು ಬೇರೆ, ಟ್ಯಾಪೆಟ್ ಕವರ್ ಬಿಚ್ಚುವುದು ಬೇರೆ. ಸಂದು ಅಳೆಯಲು ಮೇಲಿನ ಕವರ್ ತೆಗೆದರೆ ಸಾಕು. ಹೆಡ್ ಬಿಚ್ಚಿದರೆ ಟೈಮಿಂಗ್ ಚೈನ್ ಅಥವಾ ಬೆಲ್ಟ್, ಹೆಡ್ ಪ್ಯಾಕಿಂಗ್, ಕೂಲಂಟ್ ಎಲ್ಲವೂ ಜೊತೆಗೆ ಬರುತ್ತವೆ. ಹೆಡ್ ಬಿಚ್ಚಬೇಕು ಎಂದರೆ ಮೊದಲು ಕೇಳಿ: ಸಂದು ಅಳೆದಿರಾ, ಯಾವ ವಾಲ್ವಿಗೆ ಎಷ್ಟು ಬಂತು? ಕಂಪ್ರೆಷನ್ ಎಷ್ಟಿತ್ತು? ಮ್ಯಾನಿಫೋಲ್ಡ್ ಜಾಯಿಂಟ್ ನೋಡಿದಿರಾ? ಅಳತೆ ಮಾಡಿದವರು ಅಂಕಿಯನ್ನು ಹೇಳುತ್ತಾರೆ, ಕಾಗದದ ಮೇಲೆ ಬರೆದೂ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಒಂದು ರಾತ್ರಿ ಗಾಡಿ ತಣ್ಣಗಾಗಲು ಬಿಡಿ, ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಮೊಬೈಲ್ ಇಟ್ಟು ಮತ್ತೆ ರೆಕಾರ್ಡ್ ಮಾಡಿ. ಮಾಮಾನ ಫೋನಿನಲ್ಲಿ ಆ ಎರಡೂ ಈಗಲೂ ಇವೆ.